ತುಮಕೂರಿನ ಟಿಕೆಟ್ ಯಾರ ಲೆಕ್ಕಕ್ಕೆ?

ಸಿನಿಮಾ ಚೆನ್ನಾಗಿದೆ ಅಂದಾಗಲೆಲ್ಲ ನನ್ನ ಗೆಳೆಯನೊಬ್ಬ ತಿರುಗಿ ಕೇಳುವುದು ಒಂದೇ ಮಾತು: ‘ಎಷ್ಟ್ ಮಾಡ್ತು?’ ಅವನು ಕನ್ನಡದ ದೊಡ್ಡ ಸ್ಟಾರ್ ಒಬ್ಬರ ಕಟ್ಟಾ ಅಭಿಮಾನಿ. ಕಟೌಟ್‌ಗೆ ಹಾರ ಹಾಕುವುದರಿಂದ ಹಿಡಿದು ಮೊದಲ ದಿನದ ಬೆಳಗಿನ ಆಟಕ್ಕೆ ಹುಡುಗರಿಗೆಲ್ಲ ಟಿಕೆಟ್ ಹೊಂದಿಸುವವರೆಗೆ ಎಲ್ಲದಕ್ಕೂ ಮುಂದೆ. ಯಾವ ಚಿತ್ರ ಯಾವ ಊರಲ್ಲಿ ಎಷ್ಟು ವಾರ ಓಡಿತು ಅನ್ನುವುದು ಅವನಿಗೆ ಬಾಯಿಪಾಠ. ಮೊನ್ನೆ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಹತ್ತಿರದ ಟೀ ಅಂಗಡಿಯಲ್ಲಿ ಮಾತು ‘ಬ್ಲೇಡ್ ರನ್ನರ್ 2049’ ಕಡೆ ಹೊರಳಿತು. 1982ರ ‘ಬ್ಲೇಡ್ ರನ್ನರ್’ ಎಂಬ ಹಾಲಿವುಡ್ ಸೈನ್ಸ್ ಫಿಕ್ಷನ್ ಚಿತ್ರದ ಎರಡನೇ ಭಾಗ ಅದು. ನಾನು ಆ ಚಿತ್ರದ ಬಣ್ಣ, ಮಳೆ, ಮೌನದ ಬಗ್ಗೆ ಹೇಳುತ್ತಿದ್ದೆ. ಎರಡು ನಿಮಿಷ ಕೇಳಿಸಿಕೊಂಡ. ಆಮೇಲೆ, ‘ಅದು ಫ್ಲಾಪ್ ಅಲ್ವೇನೋ ಮಗಾ?’ ಅಂದ. ಅಲ್ಲಿಗೆ ಮಾತು ನಿಂತಿತು.

ನನ್ನ ತಲೆಯಲ್ಲಿ ಮಾತ್ರ ಆ ಪ್ರಶ್ನೆ ಅಂದಿನಿಂದ ಕೊರೆಯುತ್ತಲೇ ಇದೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. 2017ರ ಅಕ್ಟೋಬರ್ 6ರಂದು ಬಿಡುಗಡೆಯಾದ ಆ ಚಿತ್ರಕ್ಕೆ ಕಡಿಮೆ ಅಂದರೂ 15 ಕೋಟಿ ಡಾಲರ್ ಖರ್ಚಾಗಿತ್ತು, ಪ್ರಚಾರದ ಖರ್ಚು ಬೇರೆ. ಅಮೆರಿಕದಲ್ಲಿ ಮೊದಲ ಶುಕ್ರವಾರ, ಶನಿವಾರ, ಭಾನುವಾರ ಸೇರಿ ಬಂದದ್ದು 3 ಕೋಟಿ ಡಾಲರ್ ಮೇಲೆ ಸ್ವಲ್ಪ. ಜಗತ್ತಿನೆಲ್ಲೆಡೆಯಿಂದ ಕೊನೆಗೆ ಕೂಡಿದ್ದು 26 ಕೋಟಿ ಚಿಲ್ಲರೆ. ಥಿಯೇಟರುಗಳ ಪಾಲು ಕಳೆದರೆ ಹಾಕಿದವರಿಗೆ ಅಸಲೂ ಗಿಟ್ಟಲಿಲ್ಲ. ಇಷ್ಟೆಲ್ಲ ಆದರೂ, ಥಿಯೇಟರಿನಿಂದ ಹೊರಬರುವವರನ್ನು ನಿಲ್ಲಿಸಿ ಅಭಿಪ್ರಾಯ ಕೇಳುವ ಸಿನಿಮಾಸ್ಕೋರ್‌ನವರ ಸಮೀಕ್ಷೆಯಲ್ಲಿ ಅದಕ್ಕೆ ‘ಎ ಮೈನಸ್’ ಸಿಕ್ಕಿತ್ತು. ಮುಂದಿನ ಮಾರ್ಚ್‌ನಲ್ಲಿ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರಿಗೆ ಆಸ್ಕರ್ ಬಂತು. ಅದಕ್ಕೂ ಮೊದಲು ಹದಿಮೂರು ಸಲ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದ್ದ ಮನುಷ್ಯ ಅವರು. ವಿಷುವಲ್ ಎಫೆಕ್ಟ್ಸ್‌ಗೂ ಒಂದು ಆಸ್ಕರ್ ಬಂತು. ಅಂದರೆ ನೋಡಿದವರು ಮೆಚ್ಚಿದ್ದರು. ನೋಡುವವರು ಸಾಲಲಿಲ್ಲ. ಹಾಗಾದರೆ ಆ ‘ಸಾಲಲಿಲ್ಲ’ ಅನ್ನುವ ಲೆಕ್ಕದೊಳಗೆ ತುಮಕೂರಿನ ನಾವು ಎಲ್ಲಿದ್ದೀವಿ? ನನ್ನನ್ನು ಕಾಡುತ್ತಿರುವುದು ಇದು.

ಗೊರಗುಂಟೆಪಾಳ್ಯದಿಂದ ಶಿರಾ ಬಸ್ಸು

ಆ ವಾರ ತುಮಕೂರಿನಲ್ಲಿ ನಮಗೆ ಆ ಚಿತ್ರ ಸಿಗಲಿಲ್ಲ. ದಸರಾ ಆಗಷ್ಟೇ ಮುಗಿದಿತ್ತು. ಹಬ್ಬಕ್ಕೆ ಬಂದ ಕನ್ನಡ ಚಿತ್ರಗಳು ಟಾಕೀಸುಗಳಲ್ಲಿ ನಡೆಯುತ್ತಿದ್ದವು. ಅದು ತಪ್ಪು ಅಂತ ನನಗೆ ಒಂದು ಕ್ಷಣವೂ ಅನ್ನಿಸಿಲ್ಲ. ನಮ್ಮೂರ ಪರದೆ ಮೊದಲು ಕನ್ನಡ ಚಿತ್ರಕ್ಕೇ ಸಲ್ಲಬೇಕು. ಇಂಗ್ಲಿಷ್ ಚಿತ್ರ ಬೇಕಾದವರು ಮಧ್ಯಾಹ್ನದ ರೈಲು ಹಿಡಿದು ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಮಾಲ್‌ಗೆ ಆಟೊ ಮಾಡುವುದು ತುಮಕೂರಿನಲ್ಲಿ ಮೊದಲಿಂದ ನಡೆದುಬಂದ ರೂಢಿ. ನಾವೂ ಹಾಗೇ ಹೋದೆವು. 163 ನಿಮಿಷದ ಚಿತ್ರ. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನ್ ತರಲು ಎದ್ದವರಲ್ಲಿ ಕೆಲವರು ಮರಳಿ ಬರಲಿಲ್ಲ. ಉಳಿದವರು ಮಾತ್ರ ಕೊನೆಯ ಹೆಸರುಗಳು ಮೇಲೇರಿ ಮುಗಿಯುವವರೆಗೂ ಅಲುಗಾಡದೆ ಕೂತಿದ್ದರು. ಲೈಟು ಹಾಕಿದ ಮೇಲೂ ಯಾರೂ ಜೋರಾಗಿ ಮಾತಾಡಲಿಲ್ಲ. ಸ್ಟಾರ್ ಚಿತ್ರ ಮುಗಿದಾಗ ಕೇಳುವ ಶಿಳ್ಳೆ, ಜೈಕಾರ ನನಗೆ ಇಷ್ಟ. ಆದರೆ ಜನ ಹಾಗೆ ಗರ ಬಡಿದಂತೆ ಕೂತದ್ದನ್ನು ನಾನು ಕಂಡದ್ದು ಬಹಳ ಅಪರೂಪ.

ರಾತ್ರಿ ಗೊರಗುಂಟೆಪಾಳ್ಯದಲ್ಲಿ ಶಿರಾ ಕಡೆ ಹೋಗುವ ಕೆಂಪು ಬಸ್ಸು ಸಿಕ್ಕಿತು. ಹಿಂದಿನ ಸೀಟಿನಲ್ಲಿದ್ದ ಹುಡುಗ ನಮ್ಮ ಮಾತು ಕೇಳಿಸಿಕೊಂಡು ಮುಂದಕ್ಕೆ ಬಾಗಿದ. ‘ಅಣ್ಣಾ, ನೀವೂ ಅದೇ ಪಿಚ್ಚರ್‌ಗೆ ಬಂದಿದ್ರಾ?’ ಶಿರಾದವನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಮಷಿನ್ ಆಪರೇಟರ್. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಇನ್ನೂ ಹಾಗೇ ಇತ್ತು. ‘ಮೊದಲನೇದು ನೋಡಿಲ್ಲ ಅಣ್ಣ. ಕಿತ್ಲೆ ಬಣ್ಣದ ಪೋಸ್ಟರ್ ನೋಡ್ಕಂಡ್ ಬಂದೆ’ ಅಂದ. ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಒಂದೇ ವಿಷಯ. ಚಿತ್ರದ ನಾಯಕ ಕೆ ಅನ್ನುವವನು ತಯಾರಿಸಿದ ಮನುಷ್ಯ. ಅವನ ನೆನಪಿನಲ್ಲಿ ಒಂದು ಮರದ ಕುದುರೆ ಇದೆ. ಆ ಕುದುರೆ ನಿಜವಾಗಿ ಸಿಕ್ಕಾಗ, ತಾನು ಎಲ್ಲರಂತೆ ತಯಾರಾದವನಲ್ಲ, ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು, ಎಲ್ಲರೂ ಹುಡುಕುತ್ತಿರುವ ಆ ಮಗು ತಾನೇ ಎಂದು ಅವನು ನಂಬುತ್ತಾನೆ. ನಾವೂ ನಂಬುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಆ ನೆನಪು ಇನ್ನೊಬ್ಬರದು, ಮೊದಲ ಚಿತ್ರದ ನಾಯಕ, ಈಗ ಮುದುಕನಾದವನ ಮಗಳದು. ‘ಹಂಗಾದ್ರೆ ಅವ್ನು ಹೀರೋನೇ ಅಲ್ವಾ ಅಣ್ಣ? ಅಷ್ಟೊತ್ತು ಅವನ ಹಿಂದೇನೇ ಹೋದ್ವಲ್ಲ ನಾವು!’ ಎಂದು ಅವನು ಕೇಳಿದ. ನೆಲಮಂಗಲದ ಟೋಲ್ ದಾಟಿತು, ದಾಬಸ್‌ಪೇಟೆ ದಾಟಿತು, ಅವನು ಅದನ್ನೇ ಬೇರೆಬೇರೆ ಥರ ಕೇಳುತ್ತಿದ್ದ. ಕ್ಯಾತ್ಸಂದ್ರ ಬರುವ ಹೊತ್ತಿಗೆ ಅವನೇ ಒಂದು ಉತ್ತರ ಹುಡುಕಿಕೊಂಡ: ‘ಹೀರೋ ಅಲ್ಲ ಅಂತ ಗೊತ್ತಾದ್ಮೇಲೂ ಆ ಮುದುಕನ್ನ ಮಗಳ ಹತ್ರ ಕರ್ಕಂಡ್ ಹೋಗ್ತಾನಲ್ಲ. ಅವಾಗ ಆದ.’

ಆ ಚಿತ್ರದ ಬಗ್ಗೆ ದೊಡ್ಡ ದೊಡ್ಡ ವಿಮರ್ಶೆಗಳನ್ನು ಆಮೇಲೆ ಓದಿದ್ದೇನೆ. ಆ ಬಸ್ಸಿನಲ್ಲಿ ಕೇಳಿದ್ದಕ್ಕಿಂತ ನೇರವಾದ ಮಾತು ನನಗೆ ಸಿಕ್ಕಿಲ್ಲ. ಚಿತ್ರ ಯಾಕೆ ಓಡಲಿಲ್ಲ ಅನ್ನುವುದಕ್ಕೂ ಅದರಲ್ಲೇ ಒಂದು ಕಾರಣವಿದೆ ಅನ್ನಿಸುತ್ತದೆ. ಎರಡೂಮುಕ್ಕಾಲು ಗಂಟೆ ಒಬ್ಬನ ಹಿಂದೆ ನಡೆಸಿ, ಕೊನೆಗೆ ‘ಇವನು ನೀನು ಅಂದುಕೊಂಡವನಲ್ಲ’ ಎಂದು ಹೇಳುವ ಚಿತ್ರಕ್ಕೆ ಜನ ಮನೆಗೆ ಹೋಗಿ, ‘ನೀನೂ ನೋಡು, ಸಖತ್ತಾಗಿದೆ’ ಎಂದು ಇನ್ನೊಬ್ಬರನ್ನು ಎಳೆದುಕೊಂಡು ಬರುವುದು ಕಷ್ಟ. ಅಮೆರಿಕದಲ್ಲೂ ಮೊದಲ ವಾರ ಬಂದವರಲ್ಲಿ ಬಹುಪಾಲು ಗಂಡಸರು, ಅದರಲ್ಲೂ ಇಪ್ಪತ್ತೈದು ದಾಟಿದವರು. ಹಳೆಯ ಚಿತ್ರ ಗೊತ್ತಿದ್ದವರು ಬಂದರು, ಗೊತ್ತಿಲ್ಲದವರು ಬರಲಿಲ್ಲ. ಪೋಸ್ಟರಿನ ಬಣ್ಣ ನೋಡಿ ಬಂದ ಶಿರಾದ ಹುಡುಗನಂಥವರು ಇನ್ನಷ್ಟು ಸಿಕ್ಕಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಅವನ ಟಿಕೆಟ್, ನಮ್ಮ ಟಿಕೆಟ್, ಎಲ್ಲವೂ ಅವತ್ತು ಬೆಂಗಳೂರಿನ ಲೆಕ್ಕಕ್ಕೆ ಬಿದ್ದವು. ತುಮಕೂರು ಜಿಲ್ಲೆಯಲ್ಲಿ ಆ ಚಿತ್ರಕ್ಕೆ ಬೆಲೆ ಕೊಟ್ಟವರು ಇದ್ದಾರೆ ಅನ್ನುವುದಕ್ಕೆ ಯಾವ ಹಾಳೆಯಲ್ಲೂ ಗುರುತಿಲ್ಲ.

ಮಾವನ ಡಿಸಿಆರ್

ನಮ್ಮ ಮಾವ, ಅಮ್ಮನ ತಮ್ಮ, ತುಮಕೂರಿನ ಒಂದು ಟಾಕೀಸಿನಲ್ಲಿ ಬಹಳ ವರ್ಷ ಬುಕಿಂಗ್ ಕ್ಲರ್ಕ್ ಆಗಿದ್ದವರು. ಕಲೆಕ್ಷನ್ ಅಂದರೆ ಏನು ಅನ್ನುವುದನ್ನು ನಾನು ಅವರ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ನೋಡಿದ್ದೇನೆ. ಆಟ ಶುರುವಾಗಿ ಕೌಂಟರ್ ಮುಚ್ಚಿದ ಮೇಲೆ ಅವರು ಡಿಸಿಆರ್ ಹಾಳೆ ತೆಗೆಯುತ್ತಿದ್ದರು. ಡೈಲಿ ಕಲೆಕ್ಷನ್ ರಿಪೋರ್ಟು. ಮಧ್ಯೆ ನೀಲಿ ಕಾರ್ಬನ್ ಇಟ್ಟು, ಬಾಲ್‌ಪೆನ್ನನ್ನು ಒತ್ತಿ ಬರೆಯಬೇಕು. ಇಲ್ಲದಿದ್ದರೆ ಕೆಳಗಿನ ಹಾಳೆಗೆ ಮೂಡುವುದಿಲ್ಲ. ಬಾಲ್ಕನಿ, ಸೆಕೆಂಡ್ ಕ್ಲಾಸ್, ಗಾಂಧಿ ಕ್ಲಾಸ್ ಎಂದು ಸಾಲು. ಪ್ರತಿ ಸಾಲಿಗೂ ಆಟದ ಶುರುವಿನ ಟಿಕೆಟ್ ನಂಬರು, ಕೊನೆಯ ನಂಬರು, ಮಾರಿದ್ದೆಷ್ಟು, ದರ ಎಷ್ಟು, ತೆರಿಗೆ ಎಷ್ಟು, ಉಳಿದದ್ದೆಷ್ಟು. ಹಂಚಿಕೆದಾರರ ಕಡೆಯಿಂದ ಬಂದ ರೆಪ್ರೆಸೆಂಟೇಟಿವ್ ಪಕ್ಕದಲ್ಲೇ ನಿಂತು ಟಿಕೆಟ್ ಪುಸ್ತಕದ ನಂಬರಿಗೆ ತಾಳೆ ಹಾಕಿ ಸಹಿ ಮಾಡುತ್ತಿದ್ದ. ಆ ಹಾಳೆ ಗಾಂಧಿನಗರಕ್ಕೆ ಹೋಗುತ್ತಿತ್ತು.

ಇಂಗ್ಲಿಷ್ ಚಿತ್ರ ಬಂದರೆ ಬೆಳಗಿನ ಆಟಕ್ಕೆ, ಅದೂ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ಆದಮೇಲೆ. ಜನಕ್ಕೆ ಹೆಸರು ಹೇಳಲು ಬರುತ್ತಿರಲಿಲ್ಲ. ‘ಮಿಷಿನ್ ಮನುಷ್ಯನ ಪಿಚ್ಚರ್‌ಗೆ ಎರಡು ಕೊಡಿ’ ಎಂದು ಕಂಡಿಯೊಳಗೆ ಕೈ ಹಾಕುತ್ತಿದ್ದರಂತೆ. ಎರಡನೇ ಭಾಗ ಬಂದರೆ, ‘ಹಳೇ ಮಿಷಿನ್ ಮನುಷ್ಯನೋ, ಹೊಸಬನೋ?’ ಎಂದು ವಿಚಾರಿಸುವವರೂ ಇದ್ದರಂತೆ. ಮಾವ ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಇರುತ್ತದೆ. ಭಾಷೆ ಬಾರದೆಯೂ ಕಥೆ ಮುಂದೇನಾಯಿತು ಎಂದು ತಿಳಿಯಲು ಬೆಳಿಗ್ಗೆ ಹತ್ತೂವರೆಗೆ ಕೆಲಸ ಬಿಟ್ಟು ಬಂದವರು ಅವರ ಗಿರಾಕಿಗಳು.

‘ಆ ಆಟ ಯಾಕೆ ನಿಂತುಹೋಯ್ತು ಮಾವ?’ ಅಂತ ಕೇಳಿದೆ. ‘ಬಾಡಿಗೆ ಕಣಪ್ಪ’ ಅಂದರು. ನಮ್ಮ ಕಡೆ ಒಂಟಿ ಪರದೆಯ ಟಾಕೀಸುಗಳು ಬಹುಕಾಲದಿಂದ ನಡೆದದ್ದು ಬಾಡಿಗೆ ಪದ್ಧತಿಯಲ್ಲಿ. ಜನ ಬರಲಿ ಬಿಡಲಿ, ಚಿತ್ರ ಹಾಕಿದವರು ವಾರಕ್ಕೆ ಇಷ್ಟು ಎಂದು ಟಾಕೀಸಿಗೆ ಕಟ್ಟಬೇಕು. ಪ್ರದರ್ಶಕರು ಬಾಡಿಗೆ ಬೇಡ, ಪರ್ಸೆಂಟೇಜ್ ಕೊಡಿ ಎಂದು ಕೇಳುವುದು, ಅದಕ್ಕೆ ಜಗಳ, ಇದೆಲ್ಲ ಕನ್ನಡ ಚಿತ್ರರಂಗದಲ್ಲಿ ಹಳೆಯ ಕತೆ. ಬಾಡಿಗೆ ಕಟ್ಟಬೇಕಾದ ಊರಿನಲ್ಲಿ, ಮೂವತ್ತೈದು ವರ್ಷದ ಹಿಂದಿನ ಚಿತ್ರವೊಂದರ ಮುಂದುವರಿದ ಭಾಗವನ್ನು ಹಾಕುವ ಧೈರ್ಯ ಯಾವ ಹಂಚಿಕೆದಾರನಿಗೆ ಬಂದೀತು? ಅವನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಆದರೆ ಹಾಕದೇ ಇದ್ದಮೇಲೆ ನೋಡುವವರಿಲ್ಲ ಎಂದು ಯಾರೂ ತೀರ್ಮಾನ ಕೊಡಬಾರದು. ಡಿಸಿಆರ್‌ನಲ್ಲಿ ಮಾರಿದ ಟಿಕೆಟ್‌ಗೆ ಕಾಲಂ ಇದೆ. ಕೌಂಟರ್ ತನಕ ಬಂದು, ‘ಆ ಪಿಚ್ಚರ್ ಬರುತ್ತಾ ಸಾರ್?’ ಎಂದು ಕೇಳಿ ವಾಪಸ್ ಹೋದವನಿಗೆ ಕಾಲಂ ಇಲ್ಲ.

ಕನ್ನಡ ಚಿತ್ರಗಳ ಹಂಚಿಕೆಯಲ್ಲಿ ನಮ್ಮ ಭಾಗಕ್ಕೆ ಬಿಕೆಟಿ ಎಂದು ಹೆಸರು. ಬೆಂಗಳೂರು, ಕೋಲಾರ, ತುಮಕೂರು. ಚಿಕ್ಕಬಳ್ಳಾಪುರ 2007ರಲ್ಲೇ ಬೇರೆ ಜಿಲ್ಲೆಯಾಯಿತು, ಆದರೂ ಈ ಹೆಸರಿನಲ್ಲಿ ಅದು ಇನ್ನೂ ಕೋಲಾರದ ಒಳಗೇ ಇದೆ. ಬಿಕೆಟಿ ಹಕ್ಕು ಇಷ್ಟಕ್ಕೆ ಹೋಯಿತು, ಬಿಕೆಟಿಯಲ್ಲಿ ಇಷ್ಟು ಶೇರ್ ಬಂತು ಎಂದು ನನ್ನ ಗೆಳೆಯ ಹೇಳುವಾಗ ಆ ಮೊತ್ತದಲ್ಲಿ ಬೆಂಗಳೂರಿನ ಭಾರಕ್ಕೆ ಉಳಿದವೆಲ್ಲ ಮುಳುಗಿಹೋಗಿರುತ್ತವೆ. ಇಂಗ್ಲಿಷ್ ಚಿತ್ರವಾದರೆ ಅಷ್ಟೂ ಇಲ್ಲ. ಇಂಡಿಯಾ ಎಂದು ಒಂದೇ ಸಾಲು.

ಪಾವಗಡದಲ್ಲಿರುವ ನಮ್ಮ ಸೋದರತ್ತೆ ಮಗನ ಟಿಕೆಟ್ ಇನ್ನೂ ಮುಂದೆ ಹೋಗುತ್ತದೆ. ಪಾವಗಡ ಹೆಸರಿಗೆ ತುಮಕೂರು ಜಿಲ್ಲೆ, ಸುತ್ತ ಮೂರು ದಿಕ್ಕೂ ಆಂಧ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. 2022ರ ಡಿಸೆಂಬರ್‌ನಲ್ಲಿ ‘ಅವತಾರ್’ ಎರಡನೇ ಭಾಗ ಬಂದಾಗ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಿಂದೂಪುರಕ್ಕೆ ಹೋಗಿ ತೆಲುಗಿನಲ್ಲಿ ನೋಡಿ ಬಂದ. ಆ ದುಡ್ಡು ಆಂಧ್ರದ ಲೆಕ್ಕಕ್ಕೆ. ಹಂಚಿಕೆದಾರರು ರಾಯಲಸೀಮೆಯನ್ನು ಸೀಡೆಡ್ ಅನ್ನುತ್ತಾರೆ, ಅದರೊಳಗೆ ಸೇರಿತು. ಆ ಚಿತ್ರ ಅಧಿಕೃತವಾಗಿಯೇ ಕನ್ನಡಕ್ಕೂ ಡಬ್ ಆಗಿತ್ತು. ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಹಾಕಿದ್ದ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ಅಡ್ಡಿಯನ್ನು ತಪ್ಪು ಎಂದ ಮೇಲೆ ದಾರಿ ಸ್ವಲ್ಪಸ್ವಲ್ಪವೇ ತೆರೆದುಕೊಂಡಿತ್ತು. ಆದರೆ ಕನ್ನಡದ ಆಟ ಎಲ್ಲಿದೆ ಎಂದು ನಾವು ಆ ವಾರ ಹುಡುಕಿದ್ದೇ ಬಂತು, ಹತ್ತಿರದಲ್ಲಿ ಸಿಗಲಿಲ್ಲ. ಮುಂದಿನ ಶುಕ್ರವಾರ, 23ನೇ ತಾರೀಖು, ಶಿವಣ್ಣನ ‘ವೇದ’ ಬಂತು. ಅಲ್ಲಿಗೆ ಪರದೆ ಖಾಲಿ ಸಿಗುವ ಮಾತೇ ಇರಲಿಲ್ಲ. ಕನ್ನಡದಲ್ಲಿ ನೋಡುತ್ತೇವೆ ಎಂದು ಕಾದಿದ್ದ ನಮ್ಮ ಅತ್ತೆ ಆ ನೀಲಿ ಜನರ ಕಥೆಯನ್ನು ಕನ್ನಡದಲ್ಲಿ ಕೇಳಲೇ ಇಲ್ಲ. ನಾಳೆ ಯಾರಾದರೂ, ‘ಕನ್ನಡ ಡಬ್ಬಿಂಗ್‌ಗೆ ಕಲೆಕ್ಷನ್ ಇಲ್ಲ, ಯಾಕೆ ಮಾಡಿಸಬೇಕು?’ ಎಂದು ಕೇಳಿದರೆ ಅಂಕಿಗಳು ಅವರ ಪರವಾಗಿಯೇ ಇರುತ್ತವೆ. ನನಗೆ ಸಂಕಟವಾಗುವುದು ಇಂಥ ಕಡೆ.

ಇನ್ನೂ ಒಂದು ಲೆಕ್ಕ ಹಾಕಿ ನೋಡಿದ್ದೇನೆ. 2017ರ ಅಕ್ಟೋಬರ್‌ನಲ್ಲಿ ನೂರು ರೂಪಾಯಿ ಮೀರಿದ ಟಿಕೆಟ್‌ಗೆ ಶೇಕಡಾ 28 ಜಿಎಸ್‌ಟಿ ಇತ್ತು. ತೆರಿಗೆ ಸೇರಿ 300 ರೂಪಾಯಿ ಟಿಕೆಟ್ ಅಂದುಕೊಳ್ಳಿ. ಅದರಲ್ಲಿ 65 ರೂಪಾಯಿ ಚಿಲ್ಲರೆ ಸರ್ಕಾರಕ್ಕೆ. ಉಳಿದ 234ರಲ್ಲಿ, ಮಲ್ಟಿಪ್ಲೆಕ್ಸ್‌ಗಳಲ್ಲಿ ರೂಢಿಯಲ್ಲಿರುವಂತೆ ಮೊದಲ ವಾರ ಅರ್ಧ ಹಂಚಿಕೆದಾರನಿಗೆ, ಅಂದರೆ ಹೆಚ್ಚುಕಡಿಮೆ 117 ರೂಪಾಯಿ. ಆಗಿನ ದರದಲ್ಲಿ ಎರಡು ಡಾಲರ್ ಕೂಡ ಆಗುವುದಿಲ್ಲ. ಎರಡನೇ ವಾರ, ಮೂರನೇ ವಾರ ಆ ಪಾಲು ಇನ್ನೂ ಇಳಿಯುತ್ತದೆ. ಪತ್ರಿಕೆಗಳಲ್ಲಿ ಬರುವ, ತೆರಿಗೆ ಸೇರಿದ ಗ್ರಾಸ್, ಅಭಿಮಾನಿಗಳು ಹೇಳುವ, ತೆರಿಗೆ ಕಳೆದ ನೆಟ್, ಥಿಯೇಟರಿನ ಪಾಲೂ ಕಳೆದು ಹಂಚಿಕೆದಾರನ ಕೈ ಸೇರುವ ಶೇರ್ ಮೂರೂ ಬೇರೆಬೇರೆ. ಟೀ ಅಂಗಡಿಯ ಜಗಳದಲ್ಲಿ ಒಬ್ಬ ಗ್ರಾಸ್ ಹೇಳುತ್ತಾನೆ, ಇನ್ನೊಬ್ಬ ನೆಟ್ ಹಿಡಿದು ಜಗ್ಗುತ್ತಾನೆ, ಇಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತಾರೆ.

ಮುಂದಿನ ಭಾಗ ಬರುತ್ತೋ ಇಲ್ವೋ

ಇಷ್ಟೆಲ್ಲ ಹೇಳಿದೆ ಎಂದು, ಕಲೆಕ್ಷನ್ ವಿಚಾರಿಸುವ ಅಭಿಮಾನಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೈನ್ಸ್ ಫಿಕ್ಷನ್ ಚಿತ್ರದ ಎರಡನೇ ಭಾಗ ನೋಡುವವನಿಗೆ ಆ ಅಂಕಿ ಪ್ರತಿಷ್ಠೆಯ ವಿಷಯವಾಗಿ ಉಳಿಯುವುದಿಲ್ಲ. ಕಥೆ ಮುಗಿಯುತ್ತದೋ, ನಡುದಾರಿಯಲ್ಲೇ ನಿಲ್ಲುತ್ತದೋ ಅನ್ನುವುದು ಅದರ ಮೇಲೇ ನಿಂತಿರುತ್ತದೆ. 2021ರಲ್ಲಿ ‘ಡ್ಯೂನ್’ ಬಂದಾಗ ಪರದೆಯ ಮೇಲೆ ‘ಮೊದಲ ಭಾಗ’ ಎಂದು ಬರೆದಿತ್ತು, ಆದರೆ ಎರಡನೇ ಭಾಗಕ್ಕೆ ಇನ್ನೂ ಯಾರೂ ದುಡ್ಡು ಒಪ್ಪಿರಲಿಲ್ಲ. ಅರ್ಧ ಕಥೆ ಹೇಳಿ ನಿಲ್ಲಿಸಿದ್ದರು. ಅಮೆರಿಕದಲ್ಲಿ ಅಕ್ಟೋಬರ್ 22ರ ಶುಕ್ರವಾರ ಬಿಡುಗಡೆ, ಅದೇ ಹೊತ್ತಿಗೆ ಮನೆಯಲ್ಲಿ ಕೂತು ನೋಡಲು ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬಿಟ್ಟಿದ್ದರು. ಹಾಗಿದ್ದೂ ಮೊದಲ ವಾರಾಂತ್ಯ 4 ಕೋಟಿ ಡಾಲರ್ ದಾಟಿತು. 26ರ ಮಂಗಳವಾರ ಎರಡನೇ ಭಾಗದ ಘೋಷಣೆ ಬಂತು. ಆ ನಾಲ್ಕು ದಿನ ನಾವು ಮೊಬೈಲಿನಲ್ಲಿ ಅಂಕಿ ನೋಡಿಕೊಂಡು ಕೂತದ್ದನ್ನು ಹುಚ್ಚು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹಾಗೆ ಕಾದಿದ್ದೆವು. 2024ರ ಮಾರ್ಚ್ 1ರಂದು ಬಂದ ಎರಡನೇ ಭಾಗ ಜಗತ್ತಿನಾದ್ಯಂತ 71 ಕೋಟಿ ಡಾಲರ್ ತಂದಿತು, ಅದರಿಂದ ಮೂರನೆಯದಕ್ಕೆ ದಾರಿಯಾಯಿತು.

ಈ ಚಿತ್ರಗಳ ನಿರ್ದೇಶಕ ಡೆನಿ ವಿಲ್ನೂವ್ ಅವರೇ ‘2049’ನ್ನೂ ಮಾಡಿದ್ದು. ಅದು ಬಿಡುಗಡೆಯಾಗುವ ಮೊದಲೇ ‘ಡ್ಯೂನ್’ ಅವರ ಕೈ ಸೇರಿತ್ತು. ‘ಫ್ಲಾಪ್’ ಎಂಬ ಹಣೆಪಟ್ಟಿ ಅಂಟಿದ ಮೇಲೂ ಆ ಕೆಲಸವನ್ನು ಅವರ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ‘2049’ ನೋಡಿದಾಗಲೇ ಅವರಿಗೆ ಏನು ಬರುತ್ತದೆ ಎಂದು ಕಣ್ಣಿದ್ದವರಿಗೆ ಕಂಡಿತ್ತು. ‘2049’ರಲ್ಲಿ ತಾನು ವಿಶೇಷ ಎಂದು ನಂಬಿದವನು ಸಾಮಾನ್ಯನಾಗುತ್ತಾನೆ. ‘ಡ್ಯೂನ್’ ಎರಡನೆಯದರಲ್ಲಿ ಸಾಮಾನ್ಯನಾಗಿ ಉಳಿಯಲು ಒದ್ದಾಡುವವನನ್ನು ಜನ ಅವತಾರ ಪುರುಷ ಮಾಡಿ ಕೂರಿಸುತ್ತಾರೆ, ಅಲ್ಲಿಂದ ಯುದ್ಧ ಶುರುವಾಗುತ್ತದೆ. ಇವೆರಡನ್ನೂ ಒಟ್ಟಿಗೆ ನೋಡಿದಾಗ ನನಗೆ ಮೊದಲನೆಯದೇ ಹೆಚ್ಚು ಹತ್ತಿರ. ಎರಡನೆಯದರಲ್ಲಿ ಮರಳಿನ ಹುಳುವಿನ ಮೇಲೆ ಸವಾರಿ ಇದೆ, ಸೀಟಿನ ತುದಿಗೆ ತಂದು ಕೂರಿಸುವ ಹೊಡೆದಾಟ ಇದೆ, ಜನ ಬಂದರು. ಬರಬೇಕಾದ್ದೇ.

ಇನ್ನು 1982ರ ಮೂಲ ಚಿತ್ರ. ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ ಜೂನ್ 25ರಂದು ಬಿಡುಗಡೆಯಾದಾಗ ಎರಡು ವಾರ ಹಿಂದೆ ಬಂದಿದ್ದ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಮನೆಮಂದಿಯನ್ನೆಲ್ಲ ಸೆಳೆದುಕೊಂಡುಬಿಟ್ಟಿತ್ತು. ಮಳೆ, ಕತ್ತಲೆ, ಸಾಯುವ ಯಂತ್ರಮನುಷ್ಯರು ಆ ಬೇಸಿಗೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಚಿತ್ರಕ್ಕೆ ಮೂಲವಾದ ಕಾದಂಬರಿ ಬರೆದ ಫಿಲಿಪ್ ಕೆ. ಡಿಕ್ ಬಿಡುಗಡೆಗೂ ಮೊದಲೇ, ಅದೇ ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಚಿತ್ರಕ್ಕೆ ನಷ್ಟವಾಯಿತು. ಆಮೇಲೆ ವಿಡಿಯೊ ಕ್ಯಾಸೆಟ್ಟಿನಲ್ಲಿ, ಟಿವಿಯಲ್ಲಿ ಅದನ್ನು ನೋಡಿದ ಜನ ಬಿಡಲಿಲ್ಲ. ನಿರ್ಮಾಪಕರು ಒತ್ತಾಯ ಮಾಡಿ ಸೇರಿಸಿದ್ದ ಹಿನ್ನೆಲೆ ಮಾತನ್ನೂ ಸುಖಾಂತ್ಯವನ್ನೂ ತೆಗೆದ ಆವೃತ್ತಿ 1992ರಲ್ಲಿ ಬಂತು, ಸ್ಕಾಟ್ ತಮ್ಮ ಕೈಯಾರೆ ಕೊನೆಯದಾಗಿ ತಿದ್ದಿದ್ದು 2007ರಲ್ಲಿ. 1993ರಲ್ಲೇ ಅಮೆರಿಕ ಅದನ್ನು ಕಾಪಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತ್ತು. ನಷ್ಟವಾದ ಚಿತ್ರಕ್ಕೆ ಮೂವತ್ತೈದು ವರ್ಷದ ನಂತರ 15 ಕೋಟಿ ಡಾಲರ್ ಸುರಿದು ಎರಡನೇ ಭಾಗ ಮಾಡಿದರಲ್ಲ, ಅದಕ್ಕೆ ಕಾರಣ ಡಿಸಿಆರ್‌ನಲ್ಲಿ ಎಂದೂ ಕಾಣಿಸಿಕೊಳ್ಳದ ಜನ. ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಯೋಚನೆ ಮಾಡಿ ಅಂದದ್ದು ಇಷ್ಟು: ‘ಸರಿ ಮಗಾ, ಕ್ಯಾಸೆಟ್ ನೋಡ್ದೋರು ಪುಣ್ಯಾತ್ಮರು. ಆದ್ರೆ ಮೊದಲ ವಾರ ತುಂಬಿಸ್ಲಿಲ್ಲ ಅಂದ್ರೆ ಎರಡನೇ ವಾರಕ್ಕೆ ತೆಗ್ದೇ ತೆಗೀತಾರೆ. ನಮ್ ಬಾಸ್ ಪಿಚ್ಚರ್‌ಗೂ ಅದೇ ರೂಲು.’ ಅವನ ಮಾತಿನಲ್ಲಿ ಅನುಭವವಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಥಿಯೇಟರ್ ತುಂಬಿಸುವವನಿಗೆ ಗೊತ್ತಿರುವ ಸತ್ಯ ಅದು.

ಹತ್ತು ಜನ ಆಗಲಿ

‘ಡ್ಯೂನ್’ ಎರಡನೇ ಭಾಗ ನಮ್ಮೂರಿಗೆ ಬಂತು. ಅಷ್ಟು ಬದಲಾಗಿದೆ ತುಮಕೂರು. ರಾತ್ರಿ ಒಂದೇ ಆಟ, ಅದೂ ಹತ್ತರ ಹತ್ತಿರ. ಎರಡನೇ ವಾರದ ಒಂದು ದಿನ ನಾವು ಮೂವರು ಹೋದೆವು. ಟಿಕೆಟ್ ಕೌಂಟರಿನ ಹುಡುಗ, ‘ಸಾರ್, ಬುಕಿಂಗ್ ತುಂಬ ಕಮ್ಮಿ ಇದೆ. ಹತ್ತು ಜನ ಆಗ್ಲಿಲ್ಲ ಅಂದ್ರೆ ಶೋ ಕ್ಯಾನ್ಸಲ್. ದುಡ್ಡು ವಾಪಸ್ ಕೊಡ್ತೀವಿ’ ಅಂದ. ಕಂಪ್ಯೂಟರ್ ತಿರುಗಿಸಿ ಸೀಟುಗಳ ನಕ್ಷೆ ತೋರಿಸಿದ. ಹಿಂದಿನ ಸಾಲಿನಲ್ಲಿ ನಮ್ಮವು ಮೂರು, ಮಧ್ಯದಲ್ಲಿ ಎರಡು ಚೌಕ ಬಣ್ಣ ಬದಲಿಸಿದ್ದವು. ಉಳಿದದ್ದೆಲ್ಲ ಖಾಲಿ. ಆ ಎರಡು ಸೀಟಿನವರು ಅಷ್ಟರಲ್ಲಿ ಬಂದರು. ಗೂಡ್‌ಶೆಡ್ ಕಾಲೊನಿಯ ಮೇಷ್ಟ್ರು ಒಬ್ಬರು, ಜೊತೆಗೆ ಹೈಸ್ಕೂಲಿನ ಮಗಳು. ಆ ಹುಡುಗಿ ಮೊದಲ ಭಾಗವನ್ನು ಮೊಬೈಲಿನಲ್ಲಿ ನೋಡಿದ್ದಳು. ದೊಡ್ಡ ಪರದೆಯಲ್ಲಿ ಹುಳ ಹೇಗೆ ಕಾಣುತ್ತದೆ ಎಂದು ನೋಡಬೇಕೆಂದು ಅಪ್ಪನಿಗೆ ದುಂಬಾಲು ಬಿದ್ದು ಬಂದಿದ್ದಳು. ನಾಳೆ ಶಾಲೆ ಇದೆಯಂತೆ.

ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಬಿ.ಎಚ್. ರಸ್ತೆಯ ಲಾಡ್ಜ್‌ನಲ್ಲಿ ಉಳಿದಿದ್ದ ಮೆಡಿಕಲ್ ರೆಪ್ ಒಬ್ಬ ಬಂದ. ಆರು ಜನ ಆದೆವು. ಮೇಷ್ಟ್ರು ಮಗಳ ಮುಖ ನೋಡಿ, ‘ಇನ್ನೊಂದ್ಸಲ ಬರೋಣ ಬಿಡಮ್ಮ’ ಅಂದರು. ಅವಳು ಉತ್ತರ ಕೊಡಲಿಲ್ಲ, ಚಪ್ಪಲಿಯ ಬಾರನ್ನು ಎಳೆಯುತ್ತಾ ನಿಂತಳು. ನನ್ನ ಜೊತೆ ಬಂದಿದ್ದವನು ಏನೂ ಹೇಳದೆ ಕೌಂಟರಿಗೆ ಹೋಗಿ ಇನ್ನು ನಾಲ್ಕು ಟಿಕೆಟ್ ತೆಗೆದ. ಮೆಡಿಕಲ್ ರೆಪ್ ಒಂದರ ದುಡ್ಡು ತಾನು ಕೊಡುತ್ತೇನೆ ಎಂದು ಒತ್ತಾಯ ಮಾಡಿ ಕೊಟ್ಟ. ಮೇಷ್ಟ್ರು ಎಲ್ಲರಿಗೂ ಟೀ ಕೊಡಿಸುತ್ತೇನೆ ಎಂದರು. ಆಟ ಶುರುವಾಯಿತು. ಹುಳು ಮರಳಿನಿಂದ ಮೊದಲ ಸಲ ಎದ್ದಾಗ ಆ ಹುಡುಗಿ ಸೀಟಿನಿಂದ ಎದ್ದು ನಿಂತುಬಿಟ್ಟಳು, ಹಿಂದೆ ಯಾರೂ ಇಲ್ಲದ್ದರಿಂದ ಯಾರಿಗೂ ಅಡ್ಡವಾಗಲಿಲ್ಲ. ಅವತ್ತಿನ ಲೆಕ್ಕದಲ್ಲಿ ಹತ್ತು ಟಿಕೆಟ್ ಎಂದು ಇರುತ್ತದೆ. ಆ ವಾರಾಂತ್ಯಕ್ಕೆ ಚಿತ್ರ ತೆಗೆದರು.

ಆ ರಾತ್ರಿ ಸಿಕ್ಕವರ ಫೋನ್ ನಂಬರು ನಮ್ಮಲ್ಲಿ ಉಳಿದಿದೆ. ಮೂರನೇ ಭಾಗವನ್ನು 2026ರ ಡಿಸೆಂಬರ್ 18ಕ್ಕೆ ಘೋಷಿಸಿದ್ದಾರೆ. ಶುಕ್ರವಾರ ಸಂಜೆಯ ಆಟ ಬೇಕು, ರಾತ್ರಿ ಹತ್ತರದ್ದಲ್ಲ ಎಂದು ಮ್ಯಾನೇಜರ್ ಒಬ್ಬರನ್ನು ಹೋಗಿ ಕಂಡೆವು. ಅವರು ಒಳ್ಳೆಯ ಮನುಷ್ಯರು. ‘ಐವತ್ತು ಜನರ ಹೆಸರು ಬರೆದು, ಮುಂಗಡ ಕಟ್ಟಿ ಕೊಡಿ. ಮೊದಲ ದಿನ ಆರೂವರೆ ಆಟಕ್ಕೆ ಮೇಲಿನವರಿಗೆ ಬರೀತೀನಿ’ ಅಂದರು. ಪಟ್ಟಿ ಶುರುವಾಗಿದೆ. ಮೇಷ್ಟ್ರು ತಮ್ಮ ಶಾಲೆಯ ಇಬ್ಬರು ಸಹೋದ್ಯೋಗಿಗಳನ್ನು ಸೇರಿಸಿದ್ದಾರೆ. ಮಾವ ಬರುತ್ತೇನೆ ಎಂದಿದ್ದಾರೆ, ಬಾಲ್ಕನಿ ಕಡೆಯೇ ಸೀಟು ಬೇಕಂತೆ. ಪಾವಗಡದಿಂದ ಸೋದರತ್ತೆ ಮಗ ಫೋನ್ ಮಾಡಿ, ಯಾವ ಭಾಷೆಯಲ್ಲಿ ಎಂದು ಕೇಳಿದ. ಇಂಗ್ಲಿಷ್ ಎಂದೆ. ಹೆಂಡತಿಗೆ ಅರ್ಥವಾಗಲ್ಲ, ತೆಲುಗು ಇದ್ದರೆ ಹಿಂದೂಪುರಕ್ಕೇ ಹೋಗುತ್ತೇನೆ, ಕನ್ನಡದಲ್ಲಿ ಬರುತ್ತದೆ ಅನ್ನುವುದಾದರೆ ನಾಲ್ಕು ಸೀಟು ಹಿಡಿ ಅಂದ. ಮ್ಯಾನೇಜರ್‌ಗೆ ಕೊಡುವ ಪತ್ರದಲ್ಲಿ ಆ ಸಾಲನ್ನೂ ಸೇರಿಸಿದ್ದೇವೆ.